ಕೌದಿಯೊಳಗಿನ ಜಾನು

ನನ್ನ ಮಗಳ ದನಿಯನ್ನು ನಾನು ಹತ್ತೊಂಬತ್ತು ದಿನ ನನ್ನ ಬಾಯಲ್ಲಿ ಇಟ್ಟುಕೊಂಡಿದ್ದೆ. ಅದೇ ದನಿಯಲ್ಲಿ ನನ್ನ ಹೆಂಡತಿಗೆ ಸುಳ್ಳು ಹೇಳಿದೆ. ಅವಳಿಗೆ ಅನುಮಾನ ಬಂದಾಗ, ನಿನ್ನ ಕಿವಿಯೇ ಸರಿಯಿಲ್ಲ ಎಂದು ನಂಬಿಸಿದೆ. ಎರಡು ವರ್ಷವಾಯಿತು, ಅವಳು ಇವತ್ತಿಗೂ ಹಾಗೆಯೇ ನಂಬಿದ್ದಾಳೆ. ಬರುವ ಸೋಮವಾರ ಅದನ್ನು ಮನಸ್ಸಿನ ಡಾಕ್ಟರ ಮುಂದೆ ಹೇಳಿಕೊಳ್ಳಲು ಹೊರಟಿದ್ದಾಳೆ. ಅಷ್ಟರೊಳಗೆ ನಾನು ಇದನ್ನು ಹೇಳಿ ಮುಗಿಸಬೇಕು.

ನೀವು ಕೇಳಿದ್ದು ನಗೆಬರಹ, ಗೊತ್ತು. ವಿಶಾಖಪಟ್ಟಣದಲ್ಲಿರುವ ನಾವು ನಾಲ್ಕು ಮಂದಿ ಕನ್ನಡಿಗರು ನವೆಂಬರಿನಲ್ಲಿ ರಾಜ್ಯೋತ್ಸವ ಮಾಡಿ ತರುವ ಸಂಚಿಕೆಗೆ ಪ್ರತಿ ವರ್ಷ ಎರಡು ಪುಟ ತಮಾಷೆ ಬರೆಯುವವನು ನಾನೇ. ಯಾರನ್ನೂ ಬಿಟ್ಟವನಲ್ಲ. ಕಾರ್ಯದರ್ಶಿಗಳ ಕೆಮ್ಮು, ಖಜಾಂಚಿಗಳ "ಒಂದ್ ನಿಮಿಷ", ನೌಕಾಪಡೆಯ ಸಾಹೇಬರು ಹೆಂಡತಿಯ ಎದುರು ಇಳಿಸುವ ದನಿ — ಎಲ್ಲ ನನ್ನ ಗಂಟಲಲ್ಲಿ ಬಾಡಿಗೆಗಿವೆ. ನನ್ನದೂ ಇದೆ: ಮಾತಿಗೆ ಮುಂಚೆ ಮೂಗು ಎಳೆದುಕೊಳ್ಳುವ, ಮೂವತ್ತೊಂದಕ್ಕೇ ಹೊಟ್ಟೆ ಬಂದ, ತನ್ನ ಜೋಕಿಗೆ ತಾನೇ ಮೊದಲು ನಗುವ ಮಂಜುನಾಥ. ಅವನನ್ನೂ ವೇದಿಕೆಯ ಮೇಲೆ ಎಳೆದಾಡಿದ್ದೇನೆ. ಆದರೆ ಅವನನ್ನು ಆಡಿಕೊಳ್ಳುವುದು ಬೇರೆ, ಅವನ ತಪ್ಪನ್ನು ಒಪ್ಪಿಕೊಳ್ಳುವುದು ಬೇರೆ. ಮೊದಲನೆಯದಕ್ಕೆ ಚಪ್ಪಾಳೆ ಸಿಗುತ್ತದೆ.

ಈ ಸಲ ಸಂಚಿಕೆಯಲ್ಲಿ ಇದೇ ಬರಲಿ. ಯಾಕೆಂದರೆ, ಅದು ಶುರುವಾದ ದಿನ ನೀವೂ ಅಲ್ಲಿದ್ದಿರಿ. ನಕ್ಕಿದ್ದಿರಿ. ತಪ್ಪು ನಿಮ್ಮದಲ್ಲ, ನಗಿಸಿದವನು ನಾನು.

ನನ್ನನ್ನು ಅರಿಯದವರಿಗೆ ಹೇಳಬೇಕಾದದ್ದು ಸ್ವಲ್ಪ ಇದೆ. ನಮ್ಮಪ್ಪ ಹಾವೇರಿ ಕಡೆಯವರು, ನೌಕಾಪಡೆಯಲ್ಲಿ ಅಡುಗೆ ಮಾಡುತ್ತಿದ್ದವರು. ನಾನು ಹುಟ್ಟಿ ಬೆಳೆದದ್ದು ಇಲ್ಲೇ. ಮನೆ ಗಾಜುವಾಕದಲ್ಲಿ, ಎರಡನೇ ಮಹಡಿ. ಮದುವೆ ಮನೆಗಳಲ್ಲಿ, ಶಾಲೆಯ ವಾರ್ಷಿಕೋತ್ಸವಗಳಲ್ಲಿ ಮಿಮಿಕ್ರಿ ಮಾಡುತ್ತೇನೆ. ಹೊಟ್ಟೆ ತುಂಬುವುದು ಮಾತ್ರ ಆಟೊಗಳಿಂದ — ತಲೆಯ ಮೇಲೆ ಮೈಕು ಕಟ್ಟಿಕೊಂಡು ಬೀದಿ ಬೀದಿ ಸುತ್ತುತ್ತವಲ್ಲ, ಈರುಳ್ಳಿ, ಉಪ್ಪು, ಹಳೆ ಕಬ್ಬಿಣ. ಅವುಗಳೊಳಗಿನ ದನಿ ನನ್ನದು. "ಪಾತ ಇನಪ ಸಾಮಾನು ಕೊಂಟಾಂ" ಎಂದು ಹಳೆ ಕಬ್ಬಿಣ ಕೇಳುವ ಮುದುಕನೂ ನಾನೇ, ಈರುಳ್ಳಿ ಮಾರುವ ಗಟ್ಟಿಗಿತ್ತಿಯೂ ನಾನೇ. ನಾನು ಒಳಗೆ ಬಾಯಿ ಮುಚ್ಚಿಕೊಂಡು ಅನ್ನ ಉಣ್ಣುವಾಗ ನಾನೇ ಕೆಳಗಿನ ಬೀದಿಯಲ್ಲಿ ಕೂಗುತ್ತ ಹೋಗುತ್ತೇನೆ. ಮೊದಮೊದಲು ಇದು ಮಜವಾಗಿತ್ತು.

ರೆಕಾರ್ಡಿಂಗ್ ಸ್ಟುಡಿಯೊ ಎಂದರೆ ನಮ್ಮವ್ವ ಹೊಲಿದ ಒಂದು ಕೌದಿ. ಹಳೆ ಸೀರೆಗಳ ತುಂಡು ಕೂಡಿಸಿ ಹೊಲಿದ ದಪ್ಪ ಹೊದಿಕೆ. ಮಂಚದ ಮೇಲೆ ಕೂತು ಅದನ್ನು ತಲೆಯ ಮೇಲಿಂದ ಹೊದ್ದುಕೊಂಡರೆ ಹೊರಗಿನ ಬಸ್ಸು, ಹಾರ್ನು, ಪಕ್ಕದ ಮನೆಯ ಕುಕ್ಕರು ಯಾವುದೂ ಫೋನಿನಲ್ಲಿ ಬರುವುದಿಲ್ಲ. ಈ ಊರಿನ ಸೆಕೆಯಲ್ಲಿ ಕೌದಿ ಹೊದ್ದು ಈರುಳ್ಳಿ ಮಾರುವವನನ್ನು ನೋಡಿ ನನ್ನ ಹೆಂಡತಿ, "ನಮ್ಮ ಮನೇಲಿ ಇಡ್ಲಿ ಬೇಯ್ತಾ ಇದೆ" ಅನ್ನುತ್ತಿದ್ದಳು.

ಹೆಂಡತಿ ಸ್ರವಂತಿ. ವಿಜಯವಾಡದವಳು, ತೆಲುಗು ಹುಡುಗಿ. ಮಗಳು ಜಾಹ್ನವಿ, ನಮ್ಮ ಬಾಯಲ್ಲಿ ಜಾನು. ಅಮ್ಮನ ಜೊತೆ ತೆಲುಗು, ನನ್ನ ಜೊತೆ ನಮ್ಮಪ್ಪನಿಂದ ಬಂದ ಹಾವೇರಿ ಕನ್ನಡ. ನಾನು ಹೇಳುತ್ತಿರುವ ಹೊತ್ತಿಗೆ ಅವಳಿಗೆ ಏಳು ವರ್ಷ.

ಜಾನು ನಿಧಾನ. ನೀವು ಏನಾದರೂ ಕೇಳಿದರೆ ಅವಳು ತಕ್ಷಣ ಉತ್ತರ ಕೊಡುವುದಿಲ್ಲ. ತಲೆ ಒಂದಿಷ್ಟು ಓರೆ ಮಾಡಿ ನಿಲ್ಲುತ್ತಾಳೆ. ಓದುವಾಗಲೂ ಅಷ್ಟೇ. ಒಂದು ಪದ ಓದಿ ನಿಲ್ಲುತ್ತಾಳೆ. ಮತ್ತೊಂದು ಓದಿ ನಿಲ್ಲುತ್ತಾಳೆ. ಆ ನಡುವಿನ ಮೌನ ನನಗೆ ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನ ಹಾಗೆ. ಮಾತಿನಿಂದ ಬದುಕುವವನ ಮನೆಯಲ್ಲಿ ಇದೇನು ಹುಟ್ಟಿತಪ್ಪಾ, ಎಂದು ನಾನು ಹೊರಗೆ ತಮಾಷೆಯಾಗಿ, ಒಳಗೆ ಅಷ್ಟು ತಮಾಷೆಯಿಲ್ಲದೆ — ಹೌದು, ನಾಚಿಕೆಪಟ್ಟುಕೊಂಡಿದ್ದೆ.

ಒಂದು ದಿನ ಬಾಲ್ಕನಿಯಲ್ಲಿ ನಿಂತಿದ್ದವಳು ಒಳಗೆ ಬಂದು ಹೇಳಿದ್ದಳು: "ಅಪ್ಪಾ, ಇವತ್ತಿನ ಉಳ್ಳಾಗಡ್ಡಿ ಆಟೊದಾಗ ನಿನಗ ನೆಗಡಿ ಬಂದೈತಿ." ನಿಜ. ಆ ಧ್ವನಿಯನ್ನು ನಾನು ನೆಗಡಿಯಾಗಿದ್ದ ವಾರದಲ್ಲಿ ಕೊಟ್ಟಿದ್ದೆ. ಆಟೊದವನಿಗೆ ತಿಳಿಯಲಿಲ್ಲ, ಇಡೀ ಗಾಜುವಾಕಕ್ಕೆ ತಿಳಿಯಲಿಲ್ಲ. ನಾನು ನಕ್ಕು, "ಅದಿರಲಿ, ಮಗ್ಗಿ ಎಲ್ಲಿಗೆ ಬಂತು?" ಅಂದೆ.

ಆ ವರ್ಷ ಸ್ರವಂತಿ ಎರಡನೆಯ ಬಾರಿ ಬಸುರಿ. ಅಕ್ಟೋಬರಿನಲ್ಲಿ, ಆರನೇ ತಿಂಗಳಿಗೆ, ರಕ್ತ ಕಂಡಿತು. ಹಾಸಿಗೆ ಬಿಟ್ಟು ಏಳಬಾರದು, ಮನಸ್ಸಿಗೆ ಏನೂ ಹಚ್ಚಿಕೊಳ್ಳಬಾರದು ಎಂದರು ಡಾಕ್ಟರು. ಅವಳ ತಾಯಿ ಬಂದು ವಿಜಯವಾಡಕ್ಕೆ ಕರೆದುಕೊಂಡು ಹೋದರು. ಶಾಲೆ ತಪ್ಪಬಾರದೆಂದು ಜಾನು ನನ್ನ ಬಳಿ ಉಳಿದಳು. ನಾನು ಅಡುಗೆ, ನಾನು ಜಡೆ, ನಾನು ಪಾಠ.

ನವೆಂಬರಿನಲ್ಲಿ ನಮ್ಮ ರಾಜ್ಯೋತ್ಸವ. ಅದರ ಪದ್ಧತಿ ನಿಮಗೆ ಗೊತ್ತೇ ಇದೆ: ಇಲ್ಲಿ ಹುಟ್ಟಿದ ಮಕ್ಕಳು ಒಬ್ಬೊಬ್ಬರಾಗಿ ವೇದಿಕೆ ಹತ್ತಿ ಕನ್ನಡದ ಒಂದು ಪ್ಯಾರಾ ಓದಬೇಕು. ಓದು ಮುಗಿದರೆ ಪೆನ್ಸಿಲ್ ಡಬ್ಬಿ. ಅಪ್ಪ ಅಮ್ಮಂದಿರು ಕುರ್ಚಿಯ ತುದಿಗೆ ಬಂದು ಕೂತು, ತುಟಿಯಲ್ಲೇ ಮಕ್ಕಳ ಜೊತೆ ಓದುತ್ತಾರೆ. ನಾನು ನಿರೂಪಕ. ಕೈಯಲ್ಲಿ ಇನ್ನೊಂದು ಮೈಕು.

ಜಾನು ಓದಲು ನಿಂತಳು. ನಾನೇ ಬರೆದುಕೊಟ್ಟದ್ದು, ಒಂದು ಕೆರೆಯ ಬಗ್ಗೆ ಆರು ವಾಕ್ಯ. "ನಮ್ಮ." ನಿಂತಳು. "ಊರಿನ." ನಿಂತಳು. ಸಭಾಂಗಣದ ಮೈಕಿನಲ್ಲಿ ಅವಳ ದನಿ ಹಿಂದಿನ ಗೋಡೆಗೆ ತಾಗಿ ಮರಳಿ ಬರುತ್ತಿತ್ತು. ಅದು ಪೂರ್ತಿ ಬಂದು ಸೇರುವವರೆಗೆ ಅವಳು ಮುಂದಿನ ಪದ ಎತ್ತುತ್ತಿರಲಿಲ್ಲ. ಇದು ನನಗೆ ಈಗ ತಿಳಿದದ್ದು. ಆಗ ತಿಳಿದದ್ದು ಇಷ್ಟೇ — ಕುರ್ಚಿಗಳು ಕಿರುಗುಟ್ಟುತ್ತಿವೆ, ಊಟದ ಹೊತ್ತಾಗಿದೆ, ಇವಳು ನನ್ನ ಮಗಳು.

ನಾನು ಮೈಕು ಎತ್ತಿದೆ. ಅವಳದೇ ದನಿಯಲ್ಲಿ, ಆ ನಿಲುಗಡೆಗಳನ್ನು ಎರಡರಷ್ಟು ಎಳೆದು, ನಡುನಡುವೆ ಒಂದೊಂದು ಆಕಳಿಕೆ ಹಾಕಿ, "ನಮ್ಮ... ಊರಿನ... ಕೆರೆ... ಯಾರಾದರೂ... ಎಬ್ಬಿಸಿ" ಅಂದೆ.

ಸಭೆ ಬಿದ್ದು ಬಿದ್ದು ನಕ್ಕಿತು. ನನ್ನ ಜೀವಮಾನದಲ್ಲಿ ಅಷ್ಟು ದೊಡ್ಡ ನಗು ಅದಕ್ಕೆ ಮೊದಲೂ ಬಂದಿಲ್ಲ, ಆಮೇಲೂ ಬಂದಿಲ್ಲ.

ಜಾನು ಅಳಲಿಲ್ಲ. ತಲೆ ಓರೆ ಮಾಡಿ ನನ್ನ ಕಡೆ ನೋಡಿದಳು. ಮುಖದಲ್ಲಿ ಸಿಟ್ಟೂ ಇರಲಿಲ್ಲ. ಎಲ್ಲೋ ಕಂಡ ವಸ್ತುವೊಂದು ಅಪರಿಚಿತರ ಕೈಯಲ್ಲಿ ಕಂಡರೆ ನೋಡುತ್ತೇವಲ್ಲ, ಹಾಗೆ. ಹಾಳೆ ಮಡಚಿ ಇಳಿದುಬಂದಳು. ಪೆನ್ಸಿಲ್ ಡಬ್ಬಿ ಕೊಟ್ಟರು, ತೆಗೆದುಕೊಂಡಳು. ಆಮೇಲೆ ಮಾತಾಡಲಿಲ್ಲ.

ಮನೆಗೆ ಬಂದರೂ ಮಾತಿಲ್ಲ. ಮರುದಿನ ಶಾಲೆಯಲ್ಲೂ ಇಲ್ಲ. ಟೀಚರು ಫೋನು ಮಾಡಿದರು. ಗಂಟಲು ನೋವು ಅಂದೆ. ಜಾನು ಉಂಡಳು, ಹೋಂವರ್ಕ್ ಬರೆದಳು, ಕರೆದರೆ ಬಂದಳು. ಬಾಯಿ ಮಾತ್ರ, ಹೊಲಿದ ಹಾಗೆ. ನಾನು ಹುಲಿಯಾದೆ, ಪೊಲೀಸನಾದೆ, ಅವಳ ಟೀಚರಾದೆ, ಕಾಲು ಹಿಡಿದುಕೊಂಡ ಮುದುಕಿಯಾದೆ. ಒಂದು ಸಲವೂ — ಅಪ್ಪನಾಗಿ "ತಪ್ಪಾಯಿತು" ಅನ್ನಲಿಲ್ಲ. ಆ ಪಾತ್ರದ ದನಿ ನನಗೆ ಗೊತ್ತಿರಲಿಲ್ಲ ಅನ್ನಬಹುದೇನೋ. ಸುಳ್ಳು. ಗೊತ್ತಿತ್ತು.

ಎರಡನೆಯ ಸಂಜೆ ಆರೂವರೆಗೆ ಸ್ರವಂತಿಯ ಫೋನು ಬಂತು. ಜಾನುವಿಗೆ ಕೊಡಿ ಅಂದಳು. ನಾನು ಕೌದಿಯೊಳಗೆ ಉಪ್ಪು ಮಾರುತ್ತಿದ್ದೆ; ಸ್ಪೀಕರ್ ಹಾಕಿ, ಅಲ್ಲಿಂದಲೇ ಕೈ ಚಾಚಿ ಫೋನನ್ನು ಜಾನುವಿನ ಕಿವಿಗೆ ಹಿಡಿದೆ. ಅವಳು ಕೇಳಿಸಿಕೊಂಡಳು. ಬಾಯಿ ತೆರೆಯಲಿಲ್ಲ. "ಜಾನೂ? ಬಂಗಾರಂ? ಏನಾಯ್ತು?" — ಸ್ರವಂತಿಯ ದನಿ ಏರತೊಡಗಿತು. ಡಾಕ್ಟರು ಹೇಳಿದ್ದು ನೆನಪಾಯಿತು. ನನ್ನ ಬಾಯಿ ತನ್ನಷ್ಟಕ್ಕೆ ತೆರೆಯಿತು.

"ಅಮ್ಮಾ, ತಿನ್ನಾವಾ?"

ಉಂಡೆಯಾ ಅಮ್ಮಾ — ಜಾನು ದಿನಾ ಮೊದಲು ಕೇಳುವ ಮಾತು. ಆ ಕಡೆ ಸ್ರವಂತಿ ಉಸಿರು ಬಿಟ್ಟದ್ದು ಕೇಳಿಸಿತು. ನಾನು ಫೋನನ್ನು ಕೌದಿಯೊಳಗೆ ಎಳೆದುಕೊಂಡೆ.

ಒಂದು ದಿನದ ಮಟ್ಟಿಗೆ ಎಂದುಕೊಂಡದ್ದು. ಡಾಕ್ಟರ ಮಾತು ನನಗೆ ಒಳ್ಳೆಯ ನೆಪವಾಯಿತು. ನಿಜವಾದ ಕಾರಣ ಬೇರೆ: ಮಗಳು ಮಾತು ಬಿಟ್ಟಿದ್ದಾಳೆ ಎಂದರೆ ಯಾಕೆ ಎಂದು ಕೇಳುತ್ತಾಳೆ. ಯಾಕೆ ಎಂದರೆ...

ಬೆಳಗ್ಗೆ ವಿಡಿಯೊ ಕಾಲ್ ಮಾಡುತ್ತಿದ್ದೆ. ಜಾನುವಿನ ಬಾಯಲ್ಲಿ ಆಗ ಹಲ್ಲುಜ್ಜುವ ಬ್ರಷ್ ಇರುತ್ತಿತ್ತು, ಇಲ್ಲವೇ ಇಡ್ಲಿ, ಇಲ್ಲವೇ ಜಡೆಗೆ ಕಟ್ಟುವ ರಿಬ್ಬನ್ನಿನ ತುದಿ — ಎಲ್ಲ ನಾನು ಹೊತ್ತು ನೋಡಿ ಇಟ್ಟದ್ದು. ಅವಳು ಕೈ ಬೀಸುತ್ತಿದ್ದಳು. ಸಂಜೆ ನೆಟ್‌ವರ್ಕ್ ಸರಿಯಿಲ್ಲ ಎಂದು ಬರೀ ಮಾತು. ಬೆಳಗ್ಗೆ ಮಾತಿಲ್ಲದ ಮುಖ, ಸಂಜೆ ಮುಖವಿಲ್ಲದ ಮಾತು. ಎರಡೂ ಒಂದು ಕಡೆ ಸೇರಲೇ ಇಲ್ಲ.

ಇಷ್ಟಾದರೂ ಸಾಕಿತ್ತು. ಆದರೆ ನನಗೆ ಸುಮ್ಮನೆ ನಕಲು ಮಾಡುವುದು ಬರುವುದಿಲ್ಲ, ತಿದ್ದುವುದೂ ಬೇಕು. ನನ್ನ ಜಾನು ಚುರುಕು. ಪಟಪಟ ಮಾತು. "ಅಮ್ಮಾ, ಇವತ್ತು ಒಂದು ಪುಟ ಪೂರ್ತಿ ಓದಿದೆ, ಎಲ್ಲೂ ನಿಲ್ಲಲಿಲ್ಲ!" ನಾನು ಯಾವ ಮಗಳನ್ನು ಬಯಸಿದ್ದೆನೋ ಅವಳು ದಿನಾ ಆರೂವರೆಗೆ ಕೌದಿಯೊಳಗೆ ಬರುತ್ತಿದ್ದಳು. ನಿಜ ಹೇಳಲೇ? ಆ ಅರ್ಧ ಗಂಟೆಗೆ ನಾನು ಬೆಳಗಿನಿಂದ ಕಾಯುತ್ತಿದ್ದೆ. ಒಮ್ಮೆ ಅಡುಗೆಮನೆಯಲ್ಲಿ ಹಾಲು ಕಾಯಿಸುವಾಗ ಮಗು ನಗುವ ಸದ್ದಾಯಿತು. ಜಾನು ಮಾತಾಡಿದಳೆಂದು ಓಡಿದೆ. ಅವಳು ಬಾಲ್ಕನಿಯಲ್ಲಿ, ಬೆನ್ನು ತಿರುಗಿಸಿ, ಸುಮ್ಮನೆ ನಿಂತಿದ್ದಳು. ನಕ್ಕವನು ನಾನು. ಫೋನೂ ಇಲ್ಲದೆ, ಕೇಳುವವರೂ ಇಲ್ಲದೆ.

ಮತ್ತು ಜಾನು? ಇದನ್ನು ಬರೆಯಲು ಕೈ ಬರುವುದಿಲ್ಲ. ಮಂಚದ ಎದುರು ನೆಲದ ಮೇಲೆ ಕೂತಿರುತ್ತಿದ್ದಳು. ಅವಳ ಕಡೆಯಿಂದ ನೋಡಿ: ಮಂಚದ ಮೇಲೆ ಒಂದು ಬಣ್ಣಬಣ್ಣದ ಗುಡ್ಡೆ. ಅದಕ್ಕೆ ಮುಖವಿಲ್ಲ. ಅದು ಅಲುಗಾಡುತ್ತ ಅವಳ ದನಿಯಲ್ಲಿ ಅವಳ ಅಮ್ಮನ ಜೊತೆ ಮಾತಾಡುತ್ತಿದೆ. ಸ್ಪೀಕರಿನಲ್ಲಿ ಅಮ್ಮ ಅದಕ್ಕೆ "ಬಂಗಾರಂ" ಅನ್ನುತ್ತಿದ್ದಾಳೆ.

ಹನ್ನೆರಡೋ ಹದಿಮೂರೋ ದಿನಕ್ಕೆ ಸ್ರವಂತಿ ಒಂದು ಸಂಜೆ, "ಜಾನು ಪಕ್ಕದಲ್ಲಿದ್ದರೆ ಸ್ವಲ್ಪ ದೂರ ಬನ್ನಿ" ಅಂದಳು. ದೂರ ಹೋದ ಹಾಗೆ ಹೆಜ್ಜೆ ಸಪ್ಪಳ ಮಾಡಿದೆ — ನನಗೆ ಅದೂ ಬರುತ್ತದೆ.

"ಏಮಂಡಿ, ಒಂದು ಮಾತು. ನಗಬೇಡಿ. ಸಂಜೆ ಮಾತಾಡೋದು ನಮ್ಮ ಜಾನು ಅಲ್ಲ ಅನ್ಸುತ್ತೆ. ದನಿ ಅವಳದೇ. ಆದ್ರೆ ಒಳಗಡೆ ಬೇರೆ ಯಾರೋ ಇದಾರೆ."

ನಾನು ಕೌದಿಯ ಅಂಚನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಂಡೆ.

"ಇನ್ನೊಂದು," ಅಂದಳು. "ನಿನ್ನೆ ಭಾನುವಾರ ಮಧ್ಯಾಹ್ನ ಮೂರಕ್ಕೆ ನಿಮ್ಮ ನಂಬರಿಂದ ಫೋನ್ ಬಂತು. ಯಾರೂ ಮಾತಾಡ್ಲಿಲ್ಲ. ನಾಲ್ಕು ನಿಮಿಷ ಬರೀ ಉಸಿರು. ಅದು ಮಾತ್ರ ನನ್ನ ಜಾನು ಅನ್ಸಿತು. ಯಾಕೆ ಹಾಗೆ?"

ನಾನು ಜೋರಾಗಿ ನಕ್ಕೆ. ಮಲಗೀ ಮಲಗೀ ನಿನ್ನ ತಲೆ ಕೆಟ್ಟಿದೆ, ಬಸುರಿಯರಿಗೆ ಏನೇನೋ ಕೇಳಿಸುತ್ತದಂತೆ, ಮೊದಲು ಕಿವಿ ತೋರಿಸಿಕೋ ಅಂದೆ. ಆಮೇಲೆ — ಇಲ್ಲಿಗೆ ಬಂದಾಗೆಲ್ಲ ಪೆನ್ನು ನಿಲ್ಲುತ್ತದೆ — ಫೋನು ಕೈ ಬದಲಿಸಿದ ಸದ್ದು ಮಾಡಿ, ಅವಳ ಮಗಳ ದನಿಯಲ್ಲಿ ಹೇಳಿದೆ:

"ಅಮ್ಮಾ, ನೇನೇ ಕದಾ!"

ನಾನೇ ಅಲ್ವಾ ಅಮ್ಮಾ!

ಸ್ರವಂತಿ, "ಹೌದು ಬಂಗಾರಂ, ನೀನೇ" ಎಂದಳು, ಪರೀಕ್ಷೆಯಲ್ಲಿ ತಪ್ಪು ಉತ್ತರ ಒಪ್ಪಿಕೊಂಡವಳ ಹಾಗೆ.

ಫೋನಿಟ್ಟು ಕಾಲ್ ಲಿಸ್ಟ್ ನೋಡಿದೆ. ಭಾನುವಾರ ಮಧ್ಯಾಹ್ನ ಮೂರಕ್ಕೆ ಕರೆ ಹೋಗಿತ್ತು. ನಾಲ್ಕು ನಿಮಿಷ. ಆ ಹೊತ್ತಿಗೆ ನಾನು ಊಟ ಮಾಡಿ ಮಲಗಿದ್ದೆ. ಮನೆಯಲ್ಲಿ ಇನ್ನು ಇದ್ದವಳು ಒಬ್ಬಳೇ.

ವಿಜಯವಾಡದಲ್ಲಿ ನನ್ನ ಅತ್ತೆ ಸುಮ್ಮನೆ ಕೂರಲಿಲ್ಲ. ಮಗು ಒಂದು ಕಡೆ, ಮಗುವಿನ ದನಿ ಒಂದು ಕಡೆ ಎಂದರೆ ಅದು ದೃಷ್ಟಿಯಲ್ಲ, ಬೇರೆಯೇ ಎಂದು ತೀರ್ಮಾನಿಸಿ, ಮಂಡಿನೋವಿನಲ್ಲೇ ಇಂದ್ರಕೀಲಾದ್ರಿಯ ಮೆಟ್ಟಿಲು ಹತ್ತಿ, ದುರ್ಗಮ್ಮನಿಗೆ ಹರಕೆ ಹೊತ್ತು, ಅವಳ ಪಾದದಲ್ಲಿಟ್ಟ ಕೆಂಪು ದಾರ ತಂದು ಮಗಳ ಮಣಿಕಟ್ಟಿಗೆ ಕಟ್ಟಿದರು. ನನಗೂ ಫೋನು ಮಾಡಿ, "ಅಲ್ಲುಡುಗಾರು, ಮನೇಲಿ ಸಂಜೆ ಹೊತ್ತು ಕನ್ನಡಿ ಮುಚ್ಚಿಡಿ" ಅಂದರು. ಅವರು ಹೇಳುವ "ಅಲ್ಲುಡುಗಾರು" ನನ್ನ ಮೆಚ್ಚಿನ ಐಟಂ. ಅಳಿಯದೇವರೇ ಎನ್ನುವ ಮಾತಿನಲ್ಲಿ ದೇವರೂ ಇಲ್ಲ, ಅಳಿಯನೂ ಇಲ್ಲ. ಗೆಳೆಯರ ಮುಂದೆ ಅದನ್ನೂ ಮಾಡಿ ತೋರಿಸಿದೆ. ಕನ್ನಡಿಯನ್ನು ಮಾತ್ರ ಆ ಸಂಜೆಯಿಂದ ಮುಚ್ಚಿಟ್ಟೆ. ಕೌದಿಯಿಂದ ತಲೆ ಹೊರಹಾಕಿದಾಗ ಎದುರಿಗೆ ಕಾಣುವ ಮುಖ ನನಗೇ ಬೇಡವಾಗಿತ್ತು.

ಹತ್ತೊಂಬತ್ತನೆಯ ಸಂಜೆ. ನಾನು ಒಳಗಿದ್ದೆ. ನನ್ನ ಜಾನು ಅಮ್ಮನಿಗೆ ಹದಿನಾರರ ಮಗ್ಗಿ ಒಪ್ಪಿಸಿ, ಮುತ್ತು ಕೊಟ್ಟು, ಫೋನಿಟ್ಟಳು. ಆಗ ಕೌದಿಯ ಅಂಚು ಎದ್ದಿತು. ಒಂದು ಸಣ್ಣ ತಣ್ಣನೆಯ ಕೈ ಒಳಗೆ ಬಂದು ನನ್ನ ಗಂಟಲಿನ ಮೇಲೆ, ಮಾತಾಡುವಾಗ ಏರಿಳಿಯುವ ಮಣಿಯ ಮೇಲೆ ಸರಿಯಾಗಿ ಕೂತಿತು.

"ನಾ ಹಂಗ ಅನ್ನಂಗಿಲ್ಲ."

ಜಾನುವಿನ ದನಿ. ನಾನು ತಟ್ಟನೆ ನನ್ನ ಬಾಯಿ ಮುಟ್ಟಿ ನೋಡಿಕೊಂಡೆ. ಮುಚ್ಚಿತ್ತು. ಅಷ್ಟು ದಿನ ಆ ದನಿ ನನ್ನ ಬಾಯಿಂದ ಮಾತ್ರ ಬಂದು ಬಂದು, ಅವಳು ಆಡಿದ್ದು ಅವಳೇ ಆಡಿದ್ದೆಂದು ನಂಬಲು ನನಗೆ ಒಂದು ಕ್ಷಣ ಬೇಕಾಯಿತು. ಕೌದಿ ಸರಿಸಿದೆ. ತಲೆ ಓರೆ ಮಾಡಿ ನಿಂತಿದ್ದಳು.

"ಮತ್ತ ಹೆಂಗ ಅಂತಿ?" ಅಂದೆ. ಯಾರ ದನಿಯೋ.

ನಿಂತಳು. ಆ ನಿಲುಗಡೆ ಪೂರ್ತಿ ಮುಗಿಯುವವರೆಗೆ ಮೊದಲ ಬಾರಿಗೆ ನಾನು ಬಾಯಿ ಹಾಕಲಿಲ್ಲ.

"ನೀ ನಡುವ ನಿಲ್ಲಂಗಿಲ್ಲ. ನಾ ನಿಲ್ತೀನಿ."

"ಯಾಕ ನಿಲ್ತಿ ಅವ್ವಾ?"

"ಕೇಳಾಕ."

ಅಷ್ಟೇ. ಒಂದು ಪದ ಆಡಿ, ಅದು ಸರಿಯಾಗಿ ಬಂತೋ ಇಲ್ಲವೋ ಕೇಳಿಸಿಕೊಳ್ಳುತ್ತಾಳೆ. ಎದುರಿನವರು ಆಡಿದ್ದು ಪೂರ್ತಿ ಇಳಿಯುವವರೆಗೆ ಕಾಯುತ್ತಾಳೆ. ಅವಳಲ್ಲಿದ್ದದ್ದನ್ನೆಲ್ಲ ನಾನು ನಕಲು ಮಾಡಿದ್ದೆ, ಅವಳನ್ನು ಅವಳನ್ನಾಗಿ ಮಾಡಿದ್ದೊಂದನ್ನು ತಪ್ಪೆಂದು ಹೊಡೆದುಹಾಕಿದ್ದೆ. ಸ್ರವಂತಿಗೆ ಒಳಗೆ ಬೇರೆ ಯಾರೋ ಇದ್ದಾರೆ ಅನಿಸಿದ್ದು ಅದಕ್ಕೆ.

ಜಾನು ಇನ್ನೂ ಮುಗಿಸಿರಲಿಲ್ಲ.

"ಅಮ್ಮ ಮೊದಲ ಎಡಕ್ಕ ಮಕ್ಕೊಂಡು ಮಾತಾಡ್ತಿದ್ಲು. ಈಗ ಗ್ವಾಡಿ ಕಡೆ ಮಾರಿ ಮಾಡಿ ಮಾತಾಡ್ತಾಳ. ದಿನಾ ಅತ್ತ ಮ್ಯಾಲ ಫೋನ್ ಮಾಡ್ತಾಳ. ಅಮ್ಮ ಅಂಜ್ಯಾಳ ಅಪ್ಪಾ. ನಿನಗ ಕೇಳಸಂಗಿಲ್ಲೇನು?"

ನನಗೆ ಕೇಳಿಸಿರಲಿಲ್ಲ. ನೂರು ಜನರ ದನಿ ಮಾಡುವ ನನಗೆ ಒಬ್ಬಳ ದನಿಯಲ್ಲಿದ್ದ ಭಯ ಕೇಳಿಸಿರಲಿಲ್ಲ. ಗೋಡೆಗೆ ಮುಖ ಮಾಡಿದರೆ ಮಾತು ಹೇಗೆ ಮರಳುತ್ತದೆ ಎನ್ನುವುದು ಏಳು ವರ್ಷದವಳಿಗೆ ಕೇಳಿಸಿತ್ತು. ಭಾನುವಾರ ಅವಳು ಫೋನು ಮಾಡಿ ನಾಲ್ಕು ನಿಮಿಷ ಸುಮ್ಮನಿದ್ದದ್ದು ಯಾಕೆಂದು ನಾನು ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ. ಅಮ್ಮ ಹೇಗಿದ್ದಾಳೆಂದು ಕೇಳಿಸಿಕೊಳ್ಳಲು.

ಇಲ್ಲಿ ಕತೆ ನಿಲ್ಲಿಸಿದ್ದರೆ ನಾನು ತಿದ್ದಿಕೊಂಡ ಅಪ್ಪನಾಗಿ ಕಾಣುತ್ತಿದ್ದೆ. ಜಾನುವಿನ ಮುಂದೆ ಮಂಡಿಯೂರಿ "ತಪ್ಪಾಯಿತು" ಎಂದದ್ದು ನಿಜ. ಆದರೆ ಅದೇ ಉಸಿರಿನಲ್ಲಿ, "ಅಮ್ಮಗ ಹೇಳಬ್ಯಾಡವ್ವಾ, ಇದು ನಮ್ಮಿಬ್ಬರ ನಡುವ ಇರಲಿ" ಅಂದದ್ದೂ ನಿಜ. ಅವಳು ಬಹಳ ಹೊತ್ತು ನಿಂತಳು. ಆಮೇಲೆ ತಲೆಯಾಡಿಸಿದಳು.

ಮರುದಿನ ಬೆಳಗಿನ ರೈಲಿಗೆ ವಿಜಯವಾಡಕ್ಕೆ ಹೋದೆವು. ಸ್ರವಂತಿ ಹಾಸಿಗೆಯ ಮೇಲೆ ಒರಗಿದ್ದಳು. ಜಾನು ಹತ್ತಿರ ಹೋಗಿ ನಿಂತು, "ಅಮ್ಮಾ" ಎಂದು, ಸ್ವಲ್ಪ ತಡೆದು, "ತಿನ್ನಾವಾ?" ಅಂದಳು. ಆ ತಡೆದ ಜಾಗದಲ್ಲಿ ಸ್ರವಂತಿಯ ಅಳು ಒಡೆಯಿತು. ಮಗುವಿನ ಬಾಯಿ, ಗಲ್ಲ, ಗಂಟಲು ಎಲ್ಲ ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ ಕೈ ಮುಗಿದಳು.

"ಕ್ಷಮಿಸಿಬಿಡಿ. ನನ್ನ ಮಗೂನ ಏನೇನೋ ಅಂದ್ಕೊಂಡೆ. ನೀವು ಒಬ್ಬರೇ ಅಷ್ಟು ಕಷ್ಟಪಡ್ತಿದ್ರೆ ನಿಮ್ಮನ್ನೂ ಅನುಮಾನಿಸಿದೆ. ನನ್ನ ಕಿವಿಗೆ ಏನೋ ಆಗಿದೆ."

ಹೇಳಬಹುದಿತ್ತು. ಎರಡು ವಾಕ್ಯ ಸಾಕಿತ್ತು.

"ಪರವಾಗಿಲ್ಲ" ಅಂದೆ.

ಅವಳು ಕ್ಷಮೆ ಕೇಳಿದಳು, ನಾನು ಕ್ಷಮಿಸಿದೆ! ಜಾನು ನನ್ನನ್ನೇ ನೋಡುತ್ತಿದ್ದಳು. ಮರುದಿನ ಅತ್ತೆ ನನ್ನನ್ನೂ ಜಾನುವನ್ನೂ ಬೆಟ್ಟ ಹತ್ತಿಸಿ ಹರಕೆ ತೀರಿಸಿದರು. ಕೆಳಗೆ ಕೃಷ್ಣೆ ಅಲುಗದೆ ಹರವಿಕೊಂಡಿತ್ತು. ಜನ ಸಾಲಿನಲ್ಲಿ ಅಮ್ಮನವರ ಹೆಸರು ಕೂಗುತ್ತಿದ್ದರು. ಕೂಗಲು ಬಾಯಿ ತೆರೆದೆ. ಯಾರ ದನಿ ಬಂದೀತೋ ಎಂದು ಮುಚ್ಚಿದೆ.

ಮಗ ಹುಟ್ಟಿದ, ಗಟ್ಟಿಯಾಗಿದ್ದಾನೆ. ಸ್ರವಂತಿ ಗಾಜುವಾಕಕ್ಕೆ ಬಂದಳು. ಆದರೆ ಬಂದವಳು, ಹೋದವಳಲ್ಲ. ಜಾನು ಒಳಗಿನಿಂದ "ಅಮ್ಮಾ" ಎಂದರೆ ಅಲ್ಲಿಂದಲೇ ಓಗೊಡುವುದಿಲ್ಲ. ಮಾಡುತ್ತಿದ್ದ ಕೆಲಸ ಬಿಟ್ಟು, ಬಾಗಿಲಿಗೆ ಬಂದು, ಮಗಳ ಬಾಯಿ ನೋಡಿ, ಆಮೇಲೆ "ಏನು?" ಅನ್ನುತ್ತಾಳೆ. ನಾನು ಪಕ್ಕದ ಕೋಣೆಯಿಂದ ಕಾಫಿ ಕೇಳಿದರೂ ಅಷ್ಟೇ — ಬಂದು ನನ್ನ ತುಟಿ ನೋಡುತ್ತಾಳೆ. ಮಗ ಈಗ ತೊದಲು ಮಾತಾಡುತ್ತಾನೆ. ಮೊನ್ನೆ ಅವನು ಆಟವಾಡುತ್ತ "ಅಮ್ಮಾ" ಅಂದಾಗ ಅವಳು ಮೊದಲು ತಿರುಗಿದ್ದು ಅವನ ಕಡೆಗಲ್ಲ, ನನ್ನ ಕಡೆಗೆ. ತಿರುಗಿ, ತನ್ನ ಮೇಲೆಯೇ ಸಿಟ್ಟು ಮಾಡಿಕೊಂಡು ಅತ್ತಳು. ಕಿವಿಯ ಡಾಕ್ಟರು ಏನೂ ದೋಷವಿಲ್ಲ ಅಂದರು. ಹಾಗಾದರೆ ದೋಷ ತಲೆಯಲ್ಲಿದೆ ಎಂದು ಅವಳೇ ಸೋಮವಾರದ ಹೊತ್ತು ಗೊತ್ತುಮಾಡಿಕೊಂಡು ಬಂದಿದ್ದಾಳೆ. ಮಣಿಕಟ್ಟಿನ ದಾರ ಬಣ್ಣಗೆಟ್ಟಿದೆ, ಬಿಚ್ಚಿಲ್ಲ.

ಜಾನುವಿಗೆ ಈಗ ಒಂಬತ್ತು. ಈಗಲೂ ಅವಳಿಗೆ ಕನ್ನಡ ಕಲಿಸುತ್ತೇನೆ. ಅವಳ ಒತ್ತಕ್ಷರ ಹದಗೆಟ್ಟಿದೆ, ಲೆಕ್ಕದಲ್ಲಿ ದಶಕ ಕೂಡಿಸಲು ಮರೆಯುತ್ತಾಳೆ. ಕಿವಿ ಚೆನ್ನಾಗಿದೆ ಎಂದು ಅದನ್ನೆಲ್ಲ ಬಿಟ್ಟುಬಿಡಲು ಆಗುವುದಿಲ್ಲ. ತಿದ್ದುತ್ತೇನೆ, ಗದರುತ್ತೇನೆ, ಮತ್ತೆ ಬರೆಸುತ್ತೇನೆ. ಒಂದೇ ನೇಮ: ಅವಳು ನಿಂತಾಗ ಮುಂದಿನ ಪದ ಎತ್ತಿಕೊಡುವುದಿಲ್ಲ. ಹಾಗೆ ಕಾದು ಕೂತಾಗ ಎಷ್ಟೋ ಸಲ ನನಗೂ ಏನಾದರೂ ಕೇಳಿಸುತ್ತದೆ — ಹಡಗಿನ ದೂರದ ಕೂಗು, ಒಳಗೆ ಸ್ರವಂತಿ ಮಡಚುವ ಬಟ್ಟೆಯ ಸದ್ದು. ನನ್ನ ಆಟೊ ಧ್ವನಿಗಳನ್ನು ಕಳಿಸುವ ಮುಂಚೆ ಅವಳೇ ಕೇಳಿ ಒಪ್ಪಬೇಕು. "ಇದರಾಗ ನೀ ದಣದೀ. ನಾಳೆ ಮಾಡು" ಅನ್ನುತ್ತಾಳೆ. ಯಾವತ್ತೂ ತಪ್ಪಿಲ್ಲ.

ಹೋದ ಭಾನುವಾರ ಅವಳು ಪುಸ್ತಕ ಮುಚ್ಚಿ ಕೇಳಿದಳು: "ಅಪ್ಪಾ, ಅಮ್ಮನ ಕಿವಿ ಚೊಲೋ ಅದಾವು. ನೀ ಹೇಳ್ತಿಯೋ, ನಾ ಹೇಳ್ಲ್ಯೋ?"

ಎರಡು ವರ್ಷ ಒಂದು ಮಗುವಿನ ಬಾಯಿಗೆ ನಾನು ಎರಡನೆಯ ಸಲ ಹೊಲಿಗೆ ಹಾಕಿದ್ದೆ ಎಂದು ಆಗ ತಿಳಿಯಿತು.

ಅದಕ್ಕೇ ಇದನ್ನು ಬರೆದೆ. ಸ್ರವಂತಿಗೆ ನಮ್ಮ ಮನೆಯ ಕನ್ನಡ ಪೂರ್ತಿ ತಿಳಿಯುತ್ತದೆ, ಓದಿ ಹೇಳಿದರೆ ಸಾಕು. ಮೊದಲು ಜಾನುವಿನ ಕೈಯಲ್ಲೇ ಓದಿಸೋಣ ಎಂದು ಹಾಳೆಗಳನ್ನು ಅವಳಿಗೆ ಕೊಟ್ಟೆ. ಹೇಡಿಗೆ ಕೊನೆಯವರೆಗೂ ಉಪಾಯಗಳು ಹೊಳೆಯುತ್ತವೆ ನೋಡಿ. ಅವಳು ನಿಂತು ನಿಂತು, ಮುಕ್ಕಾಲು ಗಂಟೆ ತೆಗೆದುಕೊಂಡು ಎಲ್ಲ ಓದಿದಳು. ಎರಡು ಕಡೆ ನನ್ನ ಕಾಗುಣಿತ ತಿದ್ದಿದಳು. ಒಂದು ಅವಳದೇ ತಪ್ಪು, ಅದನ್ನು ನಾನು ತಿದ್ದಿ ತೋರಿಸಿದೆ. ಆಮೇಲೆ ಹಾಳೆಗಳನ್ನು ನನ್ನ ಮಡಿಲಿಗೆ ಹಾಕಿದಳು.

"ನಾ ಓದಂಗಿಲ್ಲ. ನೀನ ಓದು. ನಿನ್ನ ದನಿಲೆ."

"ನನ್ನ ದನಿ ಯಾವುದಲೇ?" ಎಂದು ನಕ್ಕೆ. ನಗು ನಡುದಾರಿಯಲ್ಲೇ ನಿಂತಿತು.

ಅವಳು ತಲೆ ಓರೆ ಮಾಡಿದಳು. "ನನಗ ಗೊತ್ತೈತಿ. ತಪ್ಪಿದ್ರ ಹೇಳ್ತೀನಿ."

ಈಗ ಆರೂವರೆ. ಮಗ ಮಲಗಿದ್ದಾನೆ. ಜಾನು ಮಂಚದ ಮೇಲೆ ಕೌದಿಯನ್ನು ನಾಲ್ಕು ಮಡಿಕೆ ಮಾಡಿ, ಅದರ ಮೇಲೆ ಕೂತಿದ್ದಾಳೆ — ನಾನು ಎಳೆದು ಹೊದ್ದುಕೊಳ್ಳದ ಹಾಗೆ. ಇನ್ನೊಂದು ಕ್ಷಣಕ್ಕೆ ನಾನು ಹೆಂಡತಿಯನ್ನು ಕರೆಯುತ್ತೇನೆ. ಅವಳು ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು, ಅಭ್ಯಾಸದಂತೆ, ಮೊದಲು ನನ್ನ ತುಟಿಗಳನ್ನು ನೋಡುತ್ತಾಳೆ. ನೋಡಲಿ. ಅವಳು ಕ್ಷಮಿಸುತ್ತಾಳೋ ಇಲ್ಲವೋ, ಅದು ನಾನು ಕೇಳಬೇಕಾದ ಮಾತಲ್ಲ. ಹಾಳೆಗಳನ್ನು ಓದುವ ಮುಂಚೆ ಅವಳಿಗೆ ಹೇಳಬೇಕಾದದ್ದು ಇಷ್ಟಿದೆ. ಒಂದೊಂದು ಪದಕ್ಕೂ ನಿಂತು ಹೇಳುತ್ತೇನೆ:

ಸ್ರವಂತೀ, ನಿನ್ನ ಕಿವಿ ಸರಿಯಾಗಿಯೇ ಇತ್ತು. ಅದು ಜಾನು ಅಲ್ಲ. ನಾನು.